ದನದ ಪಟ್ಟಿಯ ಮನೆಗೆ ನೆಂಟರಾಗಿ ಹೋಗುವ ಮುನ್ನ

ವಾರ್ಷಿಕ ಪರೀಕ್ಷೆಗಳು ಮುಗಿಯುತ್ತ ಬಂದಂತೆ ನಮ್ಮ ತಾಳವಾಡಿ ಸೀಮೆಯ ಶಾಲೆಗಳಲ್ಲಿ, ಮಕ್ಕಳಿರಲಿ, ಉಪಾಧ್ಯಾಯರ ಬಾಯಲ್ಲಿಯೂ ಒಂದೇ ಪ್ರಶ್ನೆ: “ಈ ರಜೆಗೆ ಎಲ್ಲಿಗೆ?” ಊಟಿ, ಮೈಸೂರುಗಳನ್ನು ನೋಡಿ ಮುಗಿಸಿದವರಿಗೆ ಈಗ ಬೆಟ್ಟದ ಮೇಲಿನ ಬಂಧುಗಳ ನೆನಪು ಬರತೊಡಗಿದೆ. ಕಾಡಿನ ನಡುವೆ ಮನೆ, ಮನೆಯ ಮುಂದೆ ದನದ ಪಟ್ಟಿ, ಬೆಳಗಾದರೆ ಕೊರಳಗಂಟೆಯ ನಾದ! ಇದಕ್ಕಿಂತ ಸೊಗಸಾದ ರಜೆ ಯಾವುದು? ಬಂಧುಗಳ ಮನೆಯೇ ಇರುವಾಗ ಮುಂದಾಲೋಚನೆಯಾದರೂ ಏತಕ್ಕೆ? ಹೀಗೆಂದು ಭಾವಿಸುವ ವಾಚಕರು ಬಹಳ ಮಂದಿ ಇದ್ದಾರೆ. ಹನ್ನೆರಡು ವರ್ಷಗಳ ಹಿಂದೆ ನಾವೂ ಹಾಗೆಯೇ ಭಾವಿಸಿದ್ದೆವು. ಆ ತಪ್ಪಿಗೆ ಬೆಲೆ ತೆತ್ತವರು ಬೇರೆಯವರು. ಅದನ್ನು ಮೊದಲು ಹೇಳಿಕೊಂಡು, ಬಳಿಕ ನಾವು ಕಲಿತ ಪಾಠವನ್ನು ನಿವೇದಿಸುತ್ತೇವೆ.

ಬೆಟ್ಟ ಮತ್ತು ಅದರ ದನ

ನಾವು ಹೇಳಹೊರಟಿರುವುದು ಈರೋಡು ಜಿಲ್ಲೆಯ ಅಂತಿಯೂರು ತಾಲ್ಲೂಕಿಗೆ ಸೇರಿದ ಬರಗೂರು ಬೆಟ್ಟಗಳ ವಿಚಾರ. ಸಿರಾ ತಾಲ್ಲೂಕಿನ ಬರಗೂರೇ ಬೇರೆ, ಇದೇ ಬೇರೆ. ಕೊಳ್ಳೇಗಾಲದಿಂದ ಹನೂರು, ರಾಮಾಪುರಗಳನ್ನು ದಾಟಿ ಗರಿಕೆಕಂಡಿಯ ಬಳಿ ಗಡಿಯನ್ನು ಹಾಯ್ದರೆ ಈ ಬೆಟ್ಟದ ಸೀಮೆ ತೊಡಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಳ್ಳೇಗಾಲವೂ ಬರಗೂರೂ ಒಂದೇ ಕೋಯಮುತ್ತೂರು ಜಿಲ್ಲೆಯಲ್ಲಿದ್ದವು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಬರಗೂರು ಮದರಾಸಿನಲ್ಲಿಯೇ ಉಳಿಯಿತು. ಗಡಿಗೆರೆ ನಡುವೆ ಹಾಯ್ದರೂ ಮನೆಮಾತು ಬದಲಾಗಲಿಲ್ಲ, ಮಾದಪ್ಪನ ಒಕ್ಕಲುತನವೂ ಬದಲಾಗಲಿಲ್ಲ.

ಇಲ್ಲಿನ ಕನ್ನಡಿಗ ಲಿಂಗಾಯತ ಕುಟುಂಬಗಳು ತಲೆಮಾರುಗಳಿಂದ ಸಾಕಿಕೊಂಡು ಬಂದ ದನಗಳಿಗೆ ಬರಗೂರು ತಳಿಯೆಂದೇ ಹೆಸರು. ಕಂದು ಮೈ, ಅದರ ಮೇಲೆ ಬಿಳಿಯ ಮಚ್ಚೆಗಳು. ಗಾತ್ರ ಸಾಧಾರಣವಾದರೂ ನಡಿಗೆಯಲ್ಲಿ ಬಲು ಚುರುಕು. ಆಡಿ ಮಾಸದಲ್ಲಿ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಈ ಎತ್ತುಗಳನ್ನು ಅರಸಿ ಬಯಲುಸೀಮೆಯ ರೈತರು ಬರುತ್ತಾರೆ. ಕಾಡಿನಲ್ಲಿ ಮೇದು ಪಟ್ಟಿಯಲ್ಲಿ ಮಲಗುವ ಈ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಹಾಲು ಸ್ವಲ್ಪ, ಅದರಲ್ಲಿಯೂ ಮೊದಲ ಪಾಲು ಕರುವಿನದು. ಇವುಗಳ ಬೆಲೆ ಇರುವುದು ಗೇಯುವ ಶಕ್ತಿಯಲ್ಲಿ, ಗೊಬ್ಬರದಲ್ಲಿ. ಹಾಲಿನ ಲೆಕ್ಕದಿಂದ ಇವನ್ನು ಅಳೆಯಲಾಗದು.

ನಮ್ಮ ಮನೆಯವರ ಸೋದರಮಾವನದು ಇಂತಹ ಒಂದು ಮನೆ. ಬಸ್ಸು ನಿಲ್ಲುವ ತಾಮರೆಕೆರೆಯಿಂದ ಮುಂದಕ್ಕೆ ಕಾಲುದಾರಿ. ಅಂದು ಅವರ ಪಟ್ಟಿಯಲ್ಲಿ ಅರವತ್ತು ರಾಸುಗಳಿದ್ದವು.

ನಾವು ಮಾಡಿದ ತಪ್ಪು

2013ರ ಮೇ ತಿಂಗಳು. ಮುಂಗಾರಿಗೆ ಮುಂಚಿನ ಮಳೆಯೂ ಬಿದ್ದಿರಲಿಲ್ಲ. ನಾವು, ನಮ್ಮ ಮನೆಯವರು, ಮಕ್ಕಳಿಬ್ಬರು. ಜೊತೆಗೆ ಸಹೋದ್ಯೋಗಿಗಳ ಎರಡು ಸಂಸಾರ. ಒಟ್ಟು ಹನ್ನೊಂದು ಮಂದಿ, ಸುದ್ದಿಯನ್ನೂ ಕೊಡದೆ ಆ ಅಂಗಳದಲ್ಲಿ ಪ್ರತ್ಯಕ್ಷರಾದೆವು. ಮಾವ ನಕ್ಕರು, ಅತ್ತೆ ಓಡಿಬಂದು ಕಾಲಿಗೆ ನೀರು ಕೊಟ್ಟರು. ಆ ನೀರು ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ.

ಬಾವಿ ಬತ್ತಿತ್ತು. ಅರ್ಧ ಕಿಲೋಮೀಟರು ಕೆಳಗೆ, ಬಂಡೆಯ ಸಂದಿನಲ್ಲಿ ಒಂದು ಒರತೆ ಜಿನುಗುತ್ತಿತ್ತು. ಒಬ್ಬರಿಗೆ ದಿನಕ್ಕೆ ಎರಡು ಕೊಡ ನೀರೆಂದರೂ ಹನ್ನೊಂದು ಮಂದಿಗೆ ಇಪ್ಪತ್ತೆರಡು ಕೊಡ. ಸಲಕ್ಕೆ ಎರಡು ಕೊಡದಂತೆ ಹನ್ನೊಂದು ಸಲ. ಹೋಗಿಬರುವ ದೂರ ಒಂದು ಕಿಲೋಮೀಟರು. ಎಂದರೆ ದಿನಕ್ಕೆ ಹನ್ನೊಂದು ಕಿಲೋಮೀಟರು, ಅರ್ಧ ದಾರಿ ಇಳಿಜಾರು, ಅರ್ಧ ದಾರಿ ಹೊರೆ ಹೊತ್ತು ಏರು. ಇಂತಹ ಲೆಕ್ಕಗಳನ್ನು ಐದನೆಯ ತರಗತಿಯ ಮಕ್ಕಳಿಗೆ ಎಷ್ಟೋ ಬಾರಿ ಕರಿಹಲಗೆಯ ಮೇಲೆ ಬರೆದುಕೊಟ್ಟಿದ್ದೇವೆ. ಆ ಮೂರು ದಿನ ಮಾತ್ರ ನಮಗೆ ಅದು ಹೊಳೆಯಲಿಲ್ಲ. ಅರವತ್ತು ದಾಟಿದ ಅತ್ತೆ ನಾವು ಏಳುವ ಮೊದಲೇ ಹಂಡೆ ತುಂಬಿಸಿರುತ್ತಿದ್ದರು. ನಾವು ಸುಖವಾಗಿ ಮಿಂದೆವು.

ಎರಡನೆಯ ಸಂಜೆ, ದನಗಳು ಹಿಂದಿರುಗುವ ವೇಳೆಗೆ ನಾವೆಲ್ಲರೂ ಪಟ್ಟಿಯ ಬಾಗಿಲಲ್ಲಿಯೇ ಸಾಲುಗಟ್ಟಿ ನಿಂತೆವು. ಒಬ್ಬ ಹುಡುಗ ಕೆಂಪು ಕೊಡೆಯನ್ನು ಫಟ್ಟನೆ ಬಿಚ್ಚಿದ. ಮುಂದಿದ್ದ ಹಸು ಬೆದರಿ ತಿರುಗಿತು, ಹಿಂಡು ಚದುರಿತು. ಮಾವನೂ ದನಗಾಹಿಯೂ ಬ್ಯಾಟರಿ ಹಿಡಿದು ಆನೆಯ ಸಂಚಾರವಿರುವ ಕಾಡಿನಲ್ಲಿ ನಡುರಾತ್ರಿಯವರೆಗೆ ಅಲೆದರು. ಮರಳಿ ಬಂದಾಗಲೂ ಗದರಲಿಲ್ಲ.

ಹೊರಡುವ ದಿನ ಅತ್ತೆ ನಮಗೆಲ್ಲ ಎಡಗೈಯಲ್ಲಿ ಬಡಿಸಿದರು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಹಿರಿಯರಾಗಿ ಹೀಗೆ ಮಾಡುವುದೇ ಎಂದು ನಾವು ಮನಸ್ಸಿನಲ್ಲಿಯೇ ಬೇಸರಪಟ್ಟುಕೊಂಡೆವು. ಇಪ್ಪತ್ತು ದಿನಗಳ ಬಳಿಕ ಸಂಗತಿ ತಿಳಿಯಿತು: ಆ ಮುಂಜಾನೆ ಒರತೆಯ ಬಂಡೆಯ ಮೇಲೆ ಜಾರಿಬಿದ್ದು ಅವರ ಮುಂಗೈ ಮೂಳೆ ಮುರಿದಿತ್ತು. ನೆಂಟರ ಮನಸ್ಸು ನೋಯಬಾರದೆಂದು ನಮ್ಮ ಬಸ್ಸು ಹೊರಡುವವರೆಗೂ ಅವರು ತುಟಿಪಿಟಕ್ಕೆನ್ನಲಿಲ್ಲ.

ಅತಿಥಿಯು ದೇವರೆಂದು ನಾವು ತರಗತಿಯಲ್ಲಿ ಬೋಧಿಸುತ್ತ ಬಂದಿದ್ದೇವೆ. ಆ ಮಾತು ಹೇಳಿರುವುದು ಮನೆಯವರಿಗೆ. ಅತಿಥಿ ತನ್ನನ್ನು ತಾನೇ ದೇವರೆಂದು ತಿಳಿದುಕೊಳ್ಳಲಿ ಎಂದಲ್ಲ. ಇದು ಅರ್ಥವಾಗಲು ನಮಗೆ ಒಬ್ಬ ವೃದ್ಧೆಯ ಕೈ ಮುರಿಯಬೇಕಾಯಿತು.

ಕೇಳುವ ಕ್ರಮ

ಆಮೇಲೆ ಹನ್ನೊಂದು ವರ್ಷ ನಾವು ಅಲ್ಲಿ ತಂಗಲಿಲ್ಲ. ಹೋದರೂ ಸಂಜೆಯೊಳಗೆ ಮರಳುತ್ತಿದ್ದೆವು. 2024ರಲ್ಲಿ ಮಾವನೇ “ಒಂದ್ಸಲ ಬಂದು ನಾಕು ದಿನ ಇದ್ದೋಗಿ” ಎಂದು ಹೇಳಿಕಳುಹಿಸಿದಾಗ, ಈ ಸಲ ಬುದ್ಧಿ ಬಂದವರಂತೆ ಹೋಗೋಣವೆಂದು ನಿಶ್ಚಯಿಸಿದೆವು. ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಪಟ್ಟಿಯ ಮನೆಗೆ ಹೇಗೋ, ದೂರದ ತೋಟದ ಮನೆಗೂ ಇದು ಹಾಗೆಯೇ ಸಲ್ಲುತ್ತದೆ.

ಮೊದಲನೆಯದು, ಕೇಳುವುದು. “ಬರುತ್ತೇವೆ” ಎಂದರೆ ಬೆಟ್ಟದವರು “ಬನ್ನಿ” ಎಂದೇ ಹೇಳುವರು. ಬೇಡವೆನ್ನಲು ಅವರ ನಾಲಗೆ ಏಳದು. ಆದುದರಿಂದ ಪ್ರಶ್ನೆಯಲ್ಲಿಯೇ ಅವರಿಗೆ ಬಿಡುಗಡೆಯ ಹಾದಿ ಇರಬೇಕು. “ಡಿಸೆಂಬರಿನ ಕೊನೆಯ ವಾರ ಅನುಕೂಲವೋ, ಇಲ್ಲವೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣವೋ?” ಎಂದು ನಾವು ಕೇಳಿದೆವು. ಪಟ್ಟಿಯ ಬಳಿ ಮೊಬೈಲು ಸಿಗುವುದಿಲ್ಲ. ಮಾವ ಪೇಟೆಗೆ ಇಳಿಯುವ ದಿನ ಅಂಗಡಿಯವರ ಮೂಲಕ ಹೇಳಿಕಳುಹಿಸಿ, ಉತ್ತರಕ್ಕೆ ಒಂದು ವಾರ ಕಾದೆವು. ಸಂಬಂಧವಿಲ್ಲದವರ ಮನೆಯಲ್ಲಿ ಹಣ ಕೊಟ್ಟು ತಂಗುವವರು ದಿನದ ದರವನ್ನೂ ಊಟದ ವಿವರವನ್ನೂ ಮೊದಲೇ ಮಾತಾಡಿಕೊಳ್ಳಬೇಕು. ದಾಕ್ಷಿಣ್ಯಕ್ಕೆ ಬಿಟ್ಟರೆ ನಷ್ಟ ಮನೆಯವರದೇ.

ಎರಡನೆಯದು, ಕಾಲ. ಬೇಸಗೆಯಲ್ಲಿ ನೀರಿಲ್ಲ, ಮೇವಿಲ್ಲ, ಕಾಡ್ಗಿಚ್ಚಿನ ಭಯ. ಆಡಿ ಮಾಸದಲ್ಲಿ ಮನೆಯವರು ಜಾತ್ರೆಯ ಚಿಂತೆಯಲ್ಲಿರುತ್ತಾರೆ. ಐಪ್ಪಸಿ, ಕಾರ್ತಿಕಗಳಲ್ಲಿ ಹಿಂಗಾರು ಮಳೆಗೆ ಕಾಲುದಾರಿ ಜಾರುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ರಜೆಯೇ ಲೇಸು: ಒರತೆ ತುಂಬಿರುತ್ತದೆ, ರಾಗಿ ಕೊಯ್ಲಾಗಿರುತ್ತದೆ, ಅವರೆ ಕಾಯಿ ಬಿಟ್ಟಿರುತ್ತದೆ.

ಮೂರನೆಯದು, ಸಂಖ್ಯೆ. ಮನೆಯಲ್ಲಿರುವವರಿಗಿಂತ ನೆಂಟರು ಹೆಚ್ಚಾಗಬಾರದು. ಮಾವ, ಅತ್ತೆ, ದನಗಾಹಿ ಮೂವರು. ನಾವು ಮೂವರೇ ಹೋದೆವು. ಮೂರು ರಾತ್ರಿಗಳೆಂದು ಹೇಳಿದ್ದೆವು. ನಾಲ್ಕನೆಯ ಬೆಳಗ್ಗೆ ಒತ್ತಾಯಕ್ಕೂ ಮಣಿಯದೆ ಹೊರಟೆವು.

ಗಂಟುಮೂಟೆ

ಅಕ್ಕಿ, ಬೇಳೆ, ಎಣ್ಣೆ, ಕಾಫಿಪುಡಿ, ಬೆಲ್ಲ: ನಮ್ಮ ಊಟಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಕೊಂಡೊಯ್ಯಬೇಕು. “ನಮ್ಮ ಖರ್ಚಿಗೆ ತಂದಿದ್ದೇವೆ” ಎಂದರೆ ಅವಮಾನವಾದೀತು. ನಮ್ಮ ಮನೆಯವರು ಅದನ್ನೆಲ್ಲ ಅತ್ತೆಯ ಮಡಿಲಿಗೆ ಅಕ್ಕಿ ಹಾಕುವ ನೆವದಲ್ಲಿ ಒಪ್ಪಿಸಿದರು. ಮಾವನಿಗೆ ನಾವು ಒಯ್ದದ್ದು ಒಂದು ಮೂಟೆ ಕಲ್ಲುಪ್ಪು, ದನಗಳಿಗೆ. ಶಾಲುಗಳನ್ನು ಹೊದಿಸಿದ್ದರೂ ಅವರ ಮುಖ ಅಷ್ಟು ಅರಳುತ್ತಿರಲಿಲ್ಲ.

ನಮ್ಮ ನಿತ್ಯದ ಔಷಧಗಳು, ಜ್ವರದ ಮಾತ್ರೆ, ಬ್ಯಾಟರಿ, ದಪ್ಪ ಹೊದಿಕೆ ಇವು ಚೀಲದಲ್ಲಿರಲಿ. ಬರಗೂರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ದೊಡ್ಡ ಚಿಕಿತ್ಸೆಗೆ ಘಟ್ಟವಿಳಿದು ಅಂತಿಯೂರಿಗೇ ಹೋಗಬೇಕು. ಹಾವು ಕಚ್ಚಿದಾಗ ಕೊಯ್ಯುವುದು, ಕಟ್ಟುವುದು ಏನನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವಾಹನವಿರುವವರು ಯಾರೆಂದು ಮೊದಲ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಚೀಲಗಳನ್ನು ಒಯ್ಯಲೇಬಾರದು. ಒಯ್ದರೆ ಎಣಿಸಿ ಮರಳಿ ತರಬೇಕು. ಅವು ದನದ ಹೊಟ್ಟೆ ಸೇರಿದರೆ ಆ ಪಾಪ ನಮ್ಮದು.

ದನದ ಗಡಿಯಾರ

ಪಟ್ಟಿಯ ಮನೆಯಲ್ಲಿ ಗಡಿಯಾರ ದನಗಳದು. ಬೆಳಗ್ಗೆ ಅವು ಹೊರಡುವವರೆಗೆ, ಸಂಜೆ ಅವು ಸೇರುವವರೆಗೆ ಮನೆಯವರನ್ನು ಮಾತಿಗೆ ಎಳೆಯಬಾರದು. ನೆಂಟರು ಆ ಹೊತ್ತಿನಲ್ಲಿ ಜಗಲಿಯ ಮೇಲಿರಬೇಕು. ಕೊಡೆ ಬಿಚ್ಚುವುದು, ಕೂಗುವುದು, ಓಡುವುದು, ಮೊಬೈಲಿನ ಬೆಳಕು ಹಾಯಿಸುವುದು ಕೂಡದು. ಹಾಲು ಬೇಕೆಂದು ಕೇಳಲೇಬಾರದು. ಕೊಟ್ಟಷ್ಟು ಮಜ್ಜಿಗೆಯೇ ಭಾಗ್ಯ.

ಕಾಡಿನ ಮಾತು ಇನ್ನೂ ಗಂಭೀರವಾದುದು. 2024ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಅಂತಿಯೂರು, ಗೋಬಿಚೆಟ್ಟಿಪಾಳ್ಯ ತಾಲ್ಲೂಕುಗಳ ಅರಣ್ಯವನ್ನು ತಂದೈ ಪೆರಿಯಾರ್ ವನ್ಯಜೀವಿ ಧಾಮವೆಂದು ಘೋಷಿಸಿತು. ಅದಕ್ಕೆ ಮೊದಲು, 2022ರಲ್ಲಿ, ಅಭಯಾರಣ್ಯಗಳಲ್ಲಿ ದನ ಮೇಯಿಸುವುದರ ವಿರುದ್ಧ ಮದರಾಸು ಉಚ್ಚ ನ್ಯಾಯಾಲಯದ ಆದೇಶ ಬಂದಿತ್ತು. ಮೇವಿನ ಹಕ್ಕು ಏನಾದೀತೆಂಬ ಆತಂಕ ಪಟ್ಟಿಯ ಮನೆಗಳಲ್ಲಿ ತುಂಬಿದೆ. ಹೀಗಿರುವಾಗ ಹೊರಗಿನವರು ಅನುಮತಿಯಿಲ್ಲದೆ ಕಾಡಿನೊಳಗಿನ ಪಟ್ಟಿಗೆ ನುಗ್ಗಿದರೆ, ಅದರ ಫಲವನ್ನು ಉಣ್ಣುವವರು ಆ ಮನೆಯವರೇ. ನಾವು ಪಟ್ಟಾ ಭೂಮಿಯ ಮನೆಯನ್ನು ಬಿಟ್ಟು ಆಚೆ ಹೋಗಲಿಲ್ಲ. ಹೊತ್ತು ಮುಳುಗಿದ ಮೇಲೆ ಅಂಗಳಕ್ಕೂ ಒಬ್ಬರೇ ಇಳಿಯಲಿಲ್ಲ.

ಮೂರು ರಾತ್ರಿಗಳು

ಈಗ ಪಟ್ಟಿಯಲ್ಲಿ ಇಪ್ಪತ್ತೆರಡು ರಾಸುಗಳಿವೆ. ಮಾವನ ಗಂಡುಮಕ್ಕಳಿಬ್ಬರೂ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿದ್ದಾರೆ. ಬೆಳಗ್ಗೆ ಐದಕ್ಕೆ ನಾವೂ ನಮ್ಮ ಮಗನೂ ಕೊಡ ಹಿಡಿದು ಒರತೆಗೆ ಇಳಿದೆವು. ಅತ್ತೆ ತಡೆದರು, ಮಾವ, “ಹೋಗ್ಲಿ ಬುಡು” ಎಂದರು. ನಾಲ್ಕು ಸಲ ಹೋಗಿಬರುವಷ್ಟರಲ್ಲಿ ನಮ್ಮ ಮೊಣಕಾಲು ನಡುಗುತ್ತಿತ್ತು. ಹನ್ನೊಂದು ಸಲ ಎಂದರೆ ಏನೆಂಬುದು ಅಂದು ಮೈಗೆ ತಿಳಿಯಿತು. ನಮ್ಮ ಮನೆಯವರು ಅಡಿಗೆಮನೆ ಸೇರಿದರು. ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ, ಮಾವ ಒಂದೊಂದು ಹಸುವಿನ ತಾಯಿ, ಅಜ್ಜಿಯರ ಕಥೆ ಹೇಳಿದರು. ನಮ್ಮ ಮಗ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. ಕೇಳುವವರಿಲ್ಲದೆ ಎಷ್ಟು ಕಾಲದಿಂದ ಆ ವಂಶಾವಳಿ ಅವರೊಳಗೇ ಉಳಿದಿತ್ತೋ! ಅವರು ನಮ್ಮನ್ನು ಕರೆಸಿದ್ದು ಇದಕ್ಕಾಗಿಯೇ ಇರಬಹುದೆಂದು ನಮಗೆ ತೋರಿತು.

ಕೊನೆಯ ದಿನ ಅತ್ತೆ ರಾಗಿ ಹಿಟ್ಟನ್ನೂ ಅವರೆಕಾಳಿನ ಸಾರನ್ನೂ ಬಲಗೈಯಲ್ಲಿಯೇ ಬಡಿಸಿದರು. ಮಣಿಕಟ್ಟು ಕೊಂಚ ಸೊಟ್ಟಗಿದೆ. ತುಂಬಿದ ಕೊಡ ಎತ್ತಲು ಈಗ ಆಗದು. ಹನ್ನೊಂದು ವರ್ಷಗಳಿಂದ ಹೇಳಬೇಕೆಂದಿದ್ದ ಮಾತನ್ನು ನಾವು ಹೇಳಿದೆವು: “ಅತ್ತೆ, ಅವತ್ತು ನಮ್ಮಿಂದ ತಪ್ಪಾಯಿತು.” ಅವರು ಇನ್ನೊಂದು ಸೌಟು ಸಾರು ಹಾಕಿ, “ಅವತ್ತು ನೆಂಟ್ರಂಗೆ ಬಂದಿದ್ರಿ ಮೇಷ್ಟ್ರೇ. ಈ ಸಲ ಮನೆಯೋರಂಗೆ ಬಂದ್ರಿ ಕನಿ. ಉಣ್ಣಿ” ಎಂದರು.

ಬೆಟ್ಟದ ಮೇಲೆ ಬಂಧುಗಳಿರುವ ವಾಚಕರು ಹೋಗಬಾರದೆಂದು ನಾವು ಹೇಳುವುದಿಲ್ಲ, ಅವಶ್ಯವಾಗಿ ಹೋಗಬೇಕು. ಮಕ್ಕಳು ಪೇಟೆ ಸೇರಿದ ಆ ಮನೆಗಳಲ್ಲಿ ಇಬ್ಬರು ಮುದುಕರು ದಾರಿ ನೋಡುತ್ತಿರುತ್ತಾರೆ. ಹೊರಡುವ ಮುನ್ನ ಮಾತ್ರ ಒಂದು ಹಾಳೆ ತೆಗೆದುಕೊಂಡು, ಆ ಮನೆಯ ಒರತೆ ಎಷ್ಟು ದೂರ, ಹೋಗುವವರು ಎಷ್ಟು ಮಂದಿ ಎಂದು ಬರೆದು ಒಮ್ಮೆ ಗುಣಿಸಿ ನೋಡಿ.