ಕುಡಿತ ಬಿಡುವುದು: ಆಣೆಯ ಆಚೆಗಿನ ಸಂಗತಿಗಳು

ಕುಡಿತಕ್ಕೆ ಬಿದ್ದವನು ಹೊಲ ಮನೆ ಕಳೆದುಕೊಂಡು ನೆಲಕಚ್ಚುವವರೆಗೂ ಅವನಿಗೆ ಬುದ್ಧಿ ಬರುವುದಿಲ್ಲ, ಅಲ್ಲಿಯವರೆಗೆ ಚಿಕಿತ್ಸೆಯೂ ದಂಡ ಎಂಬ ನಂಬಿಕೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿಯೂ ಇದೆ. ಆದರೆ ಮದ್ಯವ್ಯಸನ, ಅಂದರೆ ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಕುಡಿತದ ಮೇಲಿನ ಹಿಡಿತ ತಪ್ಪಿರುವ ಸ್ಥಿತಿ, ಯಾವ ಹಂತದಲ್ಲಿಯೂ ಚಿಕಿತ್ಸೆಗೆ ಒಗ್ಗುವ ಕಾಯಿಲೆ. ಕಾದಷ್ಟೂ ನಷ್ಟವೇ: ಯಕೃತ್ತಿನಲ್ಲಿ ಕೊಬ್ಬು ತುಂಬುವ ಆರಂಭದ ತೊಂದರೆ ಕುಡಿತ ನಿಂತ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಅದೇ ಅಂಗ ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಹಂತಕ್ಕೆ ಬಂದರೆ ಮೊದಲಿನಂತಾಗುವುದು ಅಪರೂಪ.

ಆ ನಂಬಿಕೆಗಿಂತ ಅಪಾಯಕಾರಿಯಾದುದು, ಇಲ್ಲಿನ ಆರಾಧ್ಯದೈವ ಮಾದಪ್ಪನ ಮೇಲೆ ಆಣೆಯಿಟ್ಟು ಒಂದೇ ಏಟಿಗೆ ಬಿಟ್ಟರೆ ಸಾಕೆಂಬ ಎಣಿಕೆ. ಆಣೆಯನ್ನು ಹೀಗಳೆಯಬೇಕಾಗಿಲ್ಲ, ಮನಸ್ಸು ಗಟ್ಟಿಮಾಡಲು ಅದಕ್ಕಿಂತ ದೊಡ್ಡ ಆಸರೆ ಈ ಸೀಮೆಯಲ್ಲಿ ವಿರಳ; ಆದರೆ ದೇಹ ಆಣೆಯನ್ನು ಅರಿಯದು. ಮದ್ಯವು ಮಿದುಳನ್ನು ಮಂಕಾಗಿಸುವುದರಿಂದ ವರ್ಷಗಟ್ಟಲೆ ಕುಡಿದವನ ಮಿದುಳು ತನ್ನನ್ನು ಹೆಚ್ಚು ಉದ್ರೇಕದಲ್ಲಿಟ್ಟುಕೊಂಡು ಅದಕ್ಕೆ ಹೊಂದಿಕೊಂಡಿರುತ್ತದೆ, ಮದ್ಯ ದಿಢೀರನೆ ನಿಂತಾಗ ಆ ಉದ್ರೇಕವೊಂದೇ ಉಳಿಯುತ್ತದೆ. ಅದರಿಂದ ಕಾಣಿಸಿಕೊಳ್ಳುವ ತೊಂದರೆಗಳನ್ನು ಹಿಂತೆಗೆತದ ಲಕ್ಷಣಗಳು ಎನ್ನುತ್ತಾರೆ: ಕೆಲವೇ ಗಂಟೆಗಳಲ್ಲಿ ಬೆವರು, ನಿದ್ರೆಗೇಡು, ಚಹಾ ಲೋಟ ತುಳುಕುವಷ್ಟು ಕೈನಡುಕ, ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್, ಎರಡು ಮೂರನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಇಲ್ಲದ್ದು ಕಾಣುವ, ಜೀವಕ್ಕೇ ಎರವಾಗಬಹುದಾದ ಸನ್ನಿ. ಮನೆಯವರು ಇದನ್ನು ಗಾಳಿ ಸೋಂಕೆಂದು ತಿಳಿದು ಕಳೆಯುವ ಹೊತ್ತು ದುಬಾರಿಯಾಗುತ್ತದೆ. ಆಸ್ಪತ್ರೆಯಲ್ಲಿ ಉದ್ರೇಕ ತಗ್ಗಿಸುವ ಮಾತ್ರೆಗಳನ್ನು ದಿನೇದಿನೇ ಇಳಿಸುತ್ತ, ಬಿ1 ಜೀವಸತ್ವವಾದ ಥಯಮಿನ್ ಕೊಡುತ್ತ ಈ ದಿನಗಳನ್ನು ದಾಟಿಸಲಾಗುತ್ತದೆ.

ಸಾರಿಗೆ ಗುಟ್ಟಾಗಿ ಪುಡಿ ಬೆರೆಸಿ ಕುಡಿತ ಬಿಡಿಸಬಹುದೆಂಬ ಮಾತೂ ಇದೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಂ ಇದ್ದರೆ, ಗೊತ್ತಿಲ್ಲದೆ ಕುಡಿದವನಿಗೆ ವಾಂತಿಯಾಗಿ ರಕ್ತದೊತ್ತಡ ಕುಸಿಯಬಹುದು. ಆ ಔಷಧವನ್ನು ರೋಗಿಯ ಒಪ್ಪಿಗೆಯಿಂದಲೇ ಕೊಡಬೇಕು. ಅಂಗಡಿ ಮುಚ್ಚಿಸಿದರೆ ಮುಗಿಯಿತೆಂಬುದೂ ಅರೆಸತ್ಯವೇ, ಏಕೆಂದರೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತರೂ ಕುಡಿತ ಬೇರೆ ಬಾಟಲಿಗೆ ದಾಟಿತು.

ಬಿಟ್ಟ ಮೇಲಿನ ಬದುಕಿಗೆ ಸಂಬಂಧಿಸಿದ ತಪ್ಪು ಕಲ್ಪನೆ ಲೆಕ್ಕದ್ದು: 21 ದಿನ, ಇಲ್ಲವೇ ಒಂದು ಮಂಡಲ ಕಳೆದರೆ ಹೊಸ ಅಭ್ಯಾಸ ತಾನಾಗಿಯೇ ಕೂರುತ್ತದೆ ಎನ್ನುವುದು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ, ಹಣ್ಣು ತಿನ್ನುವುದು, ನಡೆಯುವುದು ಮುಂತಾದ ಸರಳ ಅಭ್ಯಾಸಗಳಿಗೇ ಹಿಡಿದ ಅಂದಾಜು ಕಾಲ 18ರಿಂದ 254 ದಿನಗಳವರೆಗೆ ಚಾಚಿತ್ತು; ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೂ ಆಗಲಿಲ್ಲ. ಅಭ್ಯಾಸವೆಂಬುದು ಹೊತ್ತು, ಜಾಗ, ಜೊತೆಗಾರರಿಗೆ ಅಂಟಿಕೊಂಡ ನಡೆ. ಆದ್ದರಿಂದ ಚೆಂಡುಹೂ ಬಿಡಿಸಿ ಸಂಜೆ ಕೂಲಿ ಎಣಿಸಿಕೊಂಡ ಗಳಿಗೆಯಲ್ಲಿ ಏನಾಗುತ್ತದೆ ಎಂಬುದು ಸಂಕಲ್ಪದಷ್ಟೇ ಮುಖ್ಯ: ದುಡ್ಡು ನೇರ ಮನೆಗೆ ಹೋಗುವುದು, ಬಾರಿಲ್ಲದ ದಾರಿ ಹಿಡಿಯುವುದು, ಹಸಿವು ಆಸೆಯನ್ನು ಕೆರಳಿಸುವ ಮುನ್ನವೇ ಮುದ್ದೆ ಸಾರು ಉಣ್ಣುವುದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರಿಸುವುದರ ಹಿಂದಿನ ವಿವೇಕವೂ ಇದೇ, ಹಳೆಯ ಜೊತೆಗಾರರ ಜಾಗಕ್ಕೆ ಹೊಸ ಜೊತೆ ಬೇಕು.

ಮರುಕಳಿಕೆ, ಅಂದರೆ ಬಿಟ್ಟವನು ಮತ್ತೆ ಕುಡಿಯುವುದು, ಚಿಕಿತ್ಸೆ ಸೋತದ್ದರ ಗುರುತಲ್ಲ. ಸಕ್ಕರೆ ಕಾಯಿಲೆಯಂತೆ ಇಲ್ಲಿಯೂ ಏರಿಳಿತಗಳುಂಟು. ಅಂಥ ದಿನ ಬೈಗುಳಕ್ಕಿಂತ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನಾಗಲಿ, ಕನ್ನಡದಲ್ಲಿಯೂ ಹಗಲುರಾತ್ರಿ ಉಚಿತವಾಗಿ ಸಲಹೆ ದೊರೆಯುವ ಟೆಲಿ ಮಾನಸ್‌ನ 14416 ಸಂಖ್ಯೆಯನ್ನಾಗಲಿ ಸಂಪರ್ಕಿಸುವುದು ಉಪಯುಕ್ತ, ಮತ್ತು ಆ ಕರೆಯನ್ನು ಮನೆಯವರೂ ಮಾಡಬಹುದು.