ಐಡಿಯಲ್ಲಿ ಡೇಟ್ ಇದ್ದರೆ ಸಾಲದು: ಊರಲ್ಲಿ ಓದುವ ಮಕ್ಕಳ ಆರು ತಿಂಗಳ ಲೆಕ್ಕ

ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ದೋಹಾದ ನಮ್ಮವರ ಮನೆಗಳಲ್ಲಿ ಒಂದೇ ಮಾತು: ಮಂಗಳೂರೋ, ಮಣಿಪಾಲವೋ, ಬೆಂಗಳೂರೋ? ಸೀಟು, ಫೀಸು, ಹಾಸ್ಟೆಲ್ಲು ಎಲ್ಲಾ ವಿಚಾರಿಸುತ್ತೇವೆ. ಮಕ್ಕಳ ಕತಾರ್ ಐಡಿ ಬಗ್ಗೆ ಕೇಳಿದರೆ ಮಾತ್ರ, "ಇನ್ನೂ ಎಂಟು ತಿಂಗಳು ಡೇಟ್ ಇದೆ, ಏನೂ ಆಗಲ್ಲ ಬಿಡಿ" ಅನ್ನುವವರೇ ಹೆಚ್ಚು. ತೊಂದರೆ ಶುರುವಾಗೋದು ಇಲ್ಲಿಂದಲೇ.

ಆರು ತಿಂಗಳು ಅಂದರೆ ಆರೇ ತಿಂಗಳು

ಕತಾರಿನ 2015ರ 21ನೇ ಕಾನೂನಿನ ಪ್ರಕಾರ, ಇಲ್ಲಿನ ವಾಸದ ಪರವಾನಗಿ ಇರುವವರು ಆರು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ದೇಶದ ಹೊರಗೆ ಇರುವಂತಿಲ್ಲ. ಲೆಕ್ಕ ಶುರುವಾಗುವುದು ವಿಮಾನ ಹತ್ತಿದ ದಿನದಿಂದ. ಕಾರ್ಡಿನ ಮೇಲೆ ಅಚ್ಚಾದ ಡೇಟಿಗೂ ಇದಕ್ಕೂ ಸಂಬಂಧವಿಲ್ಲ. ಮಗಳು ಊರಲ್ಲಿರುವಾಗ ಅಪ್ಪ ಇಲ್ಲಿ ಮೆಟ್ರಾಶ್‌ನಲ್ಲಿ ದುಡ್ಡು ಕಟ್ಟಿ ಕಾರ್ಡ್ ನವೀಕರಿಸಿದರೂ ಆ ಲೆಕ್ಕ ಹೊಸದಾಗಿ ಶುರುವಾಗೋದಿಲ್ಲ.

ಉದಾಹರಣೆಗೆ, ಜೂನ್ 25ಕ್ಕೆ ದೋಹಾ ಬಿಟ್ಟ ಹುಡುಗ ಡಿಸೆಂಬರ್ 25ರೊಳಗೆ ಒಮ್ಮೆ ಬಂದು ಹೋಗಬೇಕು. ಮೊದಲ ಸೆಮಿಸ್ಟರ್ ಪರೀಕ್ಷೆ ಜನವರಿಗೆ ಬಿದ್ದರೆ? "ಪರೀಕ್ಷೆ ಮುಗಿಸಿಯೇ ಬಾ" ಅಂದರೆ ಐಡಿ ಹೋಯಿತು. ಆಮೇಲೆ ಫ್ಯಾಮಿಲಿ ವೀಸಾಕ್ಕೆ ಹೊಸ ಅರ್ಜಿ, ಮೆಡಿಕಲ್, ಬೆರಳಚ್ಚು ಎಲ್ಲ ಮೊದಲಿನಿಂದ. ಅಷ್ಟೇ ಅಲ್ಲ, ಹೊಸ ಅರ್ಜಿ ಅಂದರೆ ಅಪ್ಪನ ಸಂಬಳವನ್ನೂ ಮತ್ತೆ ನೋಡುತ್ತಾರೆ. ಕಂಪನಿ ಬದಲಾಗಿ ಸಂಬಳ ಇಳಿದವರಿಗೆ ಬಾಗಿಲು ಅಲ್ಲೇ ಮುಚ್ಚಬಹುದು.

ಅದಕ್ಕೆ ಅಡ್ಮಿಷನ್ ಮಾಡಿಸುವಾಗಲೇ ಕಾಲೇಜಿನ ಕ್ಯಾಲೆಂಡರ್ ಕೇಳಿ ತಗೊಳ್ಳಿ. ದಸರಾ ರಜೆಗೆ ನಾಲ್ಕು ದಿನ ಬಂದು ಹೋದರೂ ಸಾಕು, ಮತ್ತೆ ಆರು ತಿಂಗಳು ಸಿಗುತ್ತದೆ. ಡಿಸೆಂಬರಿನ ದುಬಾರಿ ಟಿಕೆಟ್ಟೂ ತಪ್ಪುತ್ತದೆ. ಬರೋಕೆ ಸಾಧ್ಯವೇ ಇಲ್ಲ ಅನ್ನುವವರಿಗೆ ಶುಲ್ಕ ಕಟ್ಟಿ ಮರಳುವ ಅನುಮತಿ ಕೇಳುವ ದಾರಿ ಕಾನೂನಿನಲ್ಲಿದೆ. ಆದರೆ ಅದು ಕೇಳಿ ಪಡೆಯುವ ಅನುಮತಿ, ತಾನಾಗಿ ಸಿಗುವುದಲ್ಲ. ಹೊರಡುವ ಮೊದಲೇ ವಿಚಾರಿಸಿ.

ಪಾಸ್‌ಪೋರ್ಟ್ ಮುಗಿಯುವುದು ಇದೇ ಹೊತ್ತಿಗೆ

18 ವರ್ಷದೊಳಗಿನವರ ಭಾರತೀಯ ಪಾಸ್‌ಪೋರ್ಟ್‌ಗೆ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಷ್ಟೇ ಆಯಸ್ಸು. ಅಂದರೆ ಕಾಲೇಜು ಸೇರುವ ಸಮಯಕ್ಕೇ ಮುಗಿಯುತ್ತದೆ! 15 ದಾಟಿದ ಮಕ್ಕಳು ಹತ್ತು ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಹೊಸದು ಸಿಕ್ಕ ಮೇಲೆ ಅದರ ನಂಬರನ್ನು ಇಲ್ಲಿನ ದಾಖಲೆಯಲ್ಲೂ ಬದಲಾಯಿಸಿ. ಹಳೆಯದನ್ನು ಎಸೆಯಬೇಡಿ.

ಮಗ, ಮಗಳ ನಿಯಮ ಬೇರೆ

ಮಗಳು ಮದುವೆಯಾಗುವವರೆಗೆ ತಂದೆಯ ಹೆಸರಿನಲ್ಲಿ ಇರಬಹುದು. ಮಗನಿಗೆ 25 ವರ್ಷದ ಮಿತಿ ಇದೆ. ಎಂಜಿನಿಯರಿಂಗ್ ಮುಗಿಸಿ ಮತ್ತೆ ಎಂ.ಟೆಕ್ ಓದುವ ಹುಡುಗನ ವಿಷಯದಲ್ಲಿ ಇದನ್ನು ಮೊದಲೇ ಯೋಚಿಸಿ.

ನಿಮ್ಮ ಕಾಗದವೂ ಬೇಕು

ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಲ್ಲಿ ಡಾಸಾ ಯೋಜನೆಯಡಿ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದೇ ಸಿಐಡಬ್ಲ್ಯುಜಿ ವಿಭಾಗ ಇದೆ. ಡಾಲರ್ ಲೆಕ್ಕದ ದೊಡ್ಡ ಫೀಸಿನ ಬದಲು ಊರಿನ ಮಕ್ಕಳು ಕಟ್ಟುವಷ್ಟೇ ಟ್ಯೂಷನ್ ಫೀಸು. ಇದಕ್ಕೆ ತಂದೆ ಅಥವಾ ತಾಯಿಯ ಕೆಲಸದ ಪತ್ರ, ವಾಸದ ಪರವಾನಗಿ ಎರಡನ್ನೂ ತೋರಿಸಬೇಕು. ಜತೆಗೆ ಶಾಲೆಯ ಟಿಸಿ ಮತ್ತು ಸಿಬಿಎಸ್‌ಇ ಮೈಗ್ರೇಷನ್ ಸರ್ಟಿಫಿಕೇಟ್‌ಗಳನ್ನು ಇಲ್ಲಿಂದ ಹೊರಡುವ ಮೊದಲೇ ಕೈಗೆ ತಗೊಳ್ಳಿ.

ಫ್ಯಾಮಿಲಿ ಇಲ್ಲದೆ ಕ್ಯಾಂಪಿನಲ್ಲಿರುವ ಅಣ್ಣತಮ್ಮಂದಿರೇ, ಆರು ತಿಂಗಳ ನಿಯಮ ನಿಮಗೂ ಇದೆ. ಅಮ್ಮನಿಗೆ ಹುಷಾರಿಲ್ಲ, ಮನೆ ಕೆಲಸ ಮುಗಿದಿಲ್ಲ ಅಂತ ರಜೆ ಉದ್ದ ಮಾಡುವಾಗ, ಕಂಪನಿ ಒಪ್ಪಿದರೂ ಈ ಲೆಕ್ಕ ನಿಲ್ಲೋದಿಲ್ಲ.

ಮೂರು ಡೇಟ್ ಬರೆದು ಗೋಡೆಗೆ ಅಂಟಿಸಿ: ಪಾಸ್‌ಪೋರ್ಟ್ ಮುಗಿಯುವ ದಿನ, ಐಡಿ ಮುಗಿಯುವ ದಿನ, ದೋಹಾ ಬಿಟ್ಟ ದಿನ. ಮೊದಲ ಎರಡು ಕಾಗದದ ಮೇಲೇ ಇವೆ. ಮೂರನೆಯದನ್ನು ನೆನಪಿಡಬೇಕಾದವರು ನಾವೇ.