ಕೆರೆ ಏರಿ ಮೀರಿದ ಮೇಲೆ

ಚಂಡಮಾರುತ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಕಡಲ ತೀರ. ಬಾಗಿ ನಿಂತ ತೆಂಗಿನ ಮರ, ದಡಕ್ಕೆ ಬಂದು ಬಿದ್ದ ದೋಣಿ, ಶಾಲೆಯ ಜಗಲಿಯಲ್ಲಿ ಊಟಕ್ಕೆ ಸಾಲು ನಿಂತ ಜನ. ಆದರೆ ಈ ಪುಟಗಳಲ್ಲಿ ನಿಮಗೆ ಪರಿಚಯಿಸಲಿರುವ ಊರಿಗೆ ಕಡಲೇ ಇಲ್ಲ. ಅದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಬೆಟ್ಟಗಳ ಕಣಿವೆಯೊಂದರ ಬಾಯಲ್ಲಿರುವ ಲೇಕ್ ಲೂರ್. ಆಶ್‌ವಿಲ್ ನಗರದಿಂದ ಸುಮಾರು 40 ಕಿ.ಮೀ. ದೂರ. ಜನಸಂಖ್ಯೆ 1,400ನ್ನೂ ಮುಟ್ಟುವುದಿಲ್ಲ. ನಮ್ಮಲ್ಲಾದರೆ ಇಷ್ಟು ಜನರ ಊರು ಪಟ್ಟಣ ಪಂಚಾಯಿತಿ ಇರಲಿ, ಒಂದು ಪೂರ್ತಿ ಗ್ರಾಮ ಪಂಚಾಯಿತಿಯೂ ಆಗುವುದಿಲ್ಲ. ಪಕ್ಕದ ನಾಲ್ಕು ಹಳ್ಳಿಗಳನ್ನು ಕೂಡಿಸಬೇಕಾಗುತ್ತದೆ. ಅಲ್ಲಿ ಅದಕ್ಕೊಬ್ಬ ಮೇಯರ್, ನಾಲ್ವರು ಸದಸ್ಯರ ಮಂಡಳಿ, ಸಂಬಳಕ್ಕೆ ನೇಮಿಸಿದ ಒಬ್ಬ ವ್ಯವಸ್ಥಾಪಕ ಅಧಿಕಾರಿ ಮತ್ತು ಕೆಲವೇ ನೌಕರರು ಇದ್ದಾರೆ.

ಈ ಪುಟ್ಟ ಪುರಸಭೆಯ ವಿಶೇಷವೆಂದರೆ ಕೆರೆ ಅದರದೇ ಆಸ್ತಿ. 1920ರ ದಶಕದಲ್ಲಿ ವಿಹಾರಧಾಮವೊಂದನ್ನು ಕಟ್ಟುವ ಉತ್ಸಾಹದಲ್ಲಿ ಖಾಸಗಿ ಕಂಪನಿಯೊಂದು ರಾಕಿ ಬ್ರಾಡ್ ನದಿಗೆ ಕಾಂಕ್ರೀಟಿನ ಬಹುಕಮಾನು ಅಣೆಕಟ್ಟೆ ಕಟ್ಟಿತು. ಸುಮಾರು 720 ಎಕರೆ ನೀರು ನಿಂತಿತು. 1927ರಲ್ಲಿ ಊರು ಪಟ್ಟಣವಾಯಿತು. 1965ರಲ್ಲಿ ಪಟ್ಟಣವೇ ಕೆರೆಯನ್ನೂ ಅಣೆಕಟ್ಟೆಯನ್ನೂ ಕೊಂಡುಕೊಂಡಿತು. 1987ರಲ್ಲಿ ತೆರೆಕಂಡ 'ಡರ್ಟಿ ಡ್ಯಾನ್ಸಿಂಗ್' ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿ ಚಿತ್ರೀಕರಿಸಿದ್ದರಿಂದ ಪ್ರವಾಸಿಗಳ ಬಾಯಲ್ಲಿ ಊರಿನ ಹೆಸರು ನಿಂತಿತು. ದೋಣಿ ಪರವಾನಗಿ, ಈಜುವ ದಂಡೆ, ಕೆರೆಯಂಚಿನ ಮನೆಗಳ ಆಸ್ತಿ ತೆರಿಗೆ, ಅಣೆಕಟ್ಟೆಯ ಚಿಕ್ಕ ವಿದ್ಯುದಾಗಾರ, ಹೀಗೆ ಊರಿನ ಆದಾಯದ ಬಹುಪಾಲು ದಾರಿಗಳು ಕೆರೆಯ ಕಡೆಗೇ ಹೋಗುತ್ತವೆ. ಇದನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಆ ಶುಕ್ರವಾರ

ಹೆಲೀನ್ ಎಂದು ಹೆಸರಿಟ್ಟ ಚಂಡಮಾರುತ 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾದ ತೀರಕ್ಕೆ ಅಪ್ಪಳಿಸಿತು. ಲೇಕ್ ಲೂರ್ ಅಲ್ಲಿಂದ ಸುಮಾರು 600 ಕಿ.ಮೀ. ದೂರ. ಗಾಳಿಯ ಬಲ ದಾರಿಯಲ್ಲಿ ಕುಗ್ಗುತ್ತದೆ, ನಿಜ. ಆದರೆ ಚಂಡಮಾರುತ ಹೊತ್ತು ತಂದ ನೀರನ್ನು ಬೆಟ್ಟಗಳು ತಡೆದು ಹಿಂಡುತ್ತವೆ. ಪಶ್ಚಿಮ ಘಟ್ಟವನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಚಂಡಮಾರುತ ಬರುವ ಮುನ್ನವೇ ಎರಡು ದಿನ ಬೇರೆ ಮಳೆ ಸುರಿದು ನೆಲ ನೆನೆದು ಹೋಗಿತ್ತು. ಅದೇ ಬೆಟ್ಟಸೀಮೆಯ ಬ್ಯೂಸಿಕ್ ಎಂಬಲ್ಲಿ ಮೂರು ದಿನಗಳಲ್ಲಿ 780 ಮಿ.ಮೀ. ಮಳೆ ದಾಖಲಾಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು 1,000 ಮಿ.ಮೀ.ನ ಆಸುಪಾಸು. ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಮಹಾಪ್ರವಾಹದ ಗುರುತನ್ನೂ ದಾಟಿತು.

27ರ ಬೆಳಗ್ಗೆ ರಾಕಿ ಬ್ರಾಡ್ ನದಿ ಮೇಲಿನ ಬ್ಯಾಟ್ ಕೇವ್, ಚಿಮ್ನಿ ರಾಕ್ ಊರುಗಳನ್ನು ಸೀಳಿಕೊಂಡು ಬಂತು. ಅಂಗಡಿ, ಮನೆ, ಹೆದ್ದಾರಿಯ ತುಂಡು, ಮರ, ವಾಹನ, ಎಲ್ಲವನ್ನೂ ತಂದು ಕೆರೆಗೆ ಸುರಿಯಿತು. 1925ರ ಹಳೆಯ ಸೇತುವೆಯೊಂದನ್ನು ಊರಿನ ಸ್ವಯಂಸೇವಕರು ಹೂದೋಟವಾಗಿಸಿದ್ದರು. ಅದೂ ಕೊಚ್ಚಿಹೋಯಿತು. ನಮ್ಮಲ್ಲಿ ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುತ್ತೇವೆ. ಅಲ್ಲಿ ನೀರು ಕೋಡಿಯಲ್ಲಿ ಹೋಗಲಿಲ್ಲ, ಅಣೆಕಟ್ಟೆಯ ನೆತ್ತಿಯ ಮೇಲೆಯೇ ಹರಿದು ಅಂಚುಗಳನ್ನು ಕೊರೆಯಿತು. ಅಣೆಕಟ್ಟೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ಕೆಳಗಿನವರು ಕೂಡಲೆ ಎತ್ತರಕ್ಕೆ ಹೋಗಿ ಎಂಬ ಎಚ್ಚರಿಕೆ ಹೊರಟಿತು. ಸುಮಾರು ನೂರು ವರ್ಷದ ಆ ಗೋಡೆ ಒಡೆಯಲಿಲ್ಲ. ಎಂಜಿನಿಯರುಗಳು ಪರೀಕ್ಷಿಸಿ ಹಾಗೆಂದು ಹೇಳುವ ತನಕ ಕೆಳಗಿನ ಊರುಗಳವರು ಹೇಗೆ ಕಾಲ ಕಳೆದಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಉತ್ತರ ಕೆರೊಲಿನಾ ಒಂದರಲ್ಲೇ ಹೆಲೀನ್‌ನಿಂದ ಸತ್ತವರು 100ಕ್ಕೂ ಹೆಚ್ಚು. ನಷ್ಟ ಸುಮಾರು 60 ಬಿಲಿಯ ಡಾಲರ್, ಅಂದರೆ 6,000 ಕೋಟಿ ಡಾಲರ್ ಎಂದು ರಾಜ್ಯ ಸರ್ಕಾರ ಅಂದಾಜು ಮಾಡಿತು.

ಪರದೆಯ ಮೇಲೆ ಇಷ್ಟನ್ನು ತೋರಿಸಬಹುದು. ನೀರು, ಮುರಿದ ಸೇತುವೆ, ಅಳುವ ಮುಖ. ಆದರೆ ಊರು ಮತ್ತೆ ಎದ್ದು ನಿಲ್ಲುವುದು ಪುರಸಭೆಯ ಲೆಕ್ಕದ ಪುಸ್ತಕದಲ್ಲಿ, ಮತ್ತು ಲೆಕ್ಕದ ಪುಸ್ತಕಕ್ಕೆ ಕ್ಯಾಮರಾ ಹಿಡಿದರೆ ಯಾರೂ ನೋಡುವುದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಬಿಡಿಸೋಣ.

ಮೊದಲು ಖರ್ಚು, ಆಮೇಲೆ ಹಣ

ಅಮೆರಿಕದಲ್ಲಿ ದೊಡ್ಡ ವಿಕೋಪವಾದರೆ 1988ರ ಸ್ಟಾಫರ್ಡ್ ಕಾಯ್ದೆಯಡಿ ರಾಷ್ಟ್ರಾಧ್ಯಕ್ಷರು ಅದನ್ನು ಮಹಾವಿಕೋಪವೆಂದು ಘೋಷಿಸುತ್ತಾರೆ. ಉತ್ತರ ಕೆರೊಲಿನಾಕ್ಕೆ ಆ ಘೋಷಣೆ ಮಾರನೆಯ ದಿನವೇ, ಸೆಪ್ಟೆಂಬರ್ 28ರಂದು ಬಂತು. ಆಗ ಫೀಮಾ ಎಂಬ ಕೇಂದ್ರ ತುರ್ತು ನಿರ್ವಹಣಾ ಸಂಸ್ಥೆಯ ಬಾಗಿಲು ತೆರೆಯುತ್ತದೆ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಫೀಮಾ ಚೀಲದಲ್ಲಿ ಹಣ ತಂದು ಪುರಸಭೆಯ ಮೇಜಿನ ಮೇಲಿಡುವುದಿಲ್ಲ. ಪುರಸಭೆ ಮೊದಲು ಗುತ್ತಿಗೆದಾರನನ್ನು ಹಿಡಿದು ಕೆಲಸ ಮಾಡಿಸಿ, ಹಣ ಪಾವತಿ ಮಾಡಿ, ರಸೀತಿ ಜೋಡಿಸಿ ಕಳಿಸಬೇಕು. ಪರಿಶೀಲನೆಯಾದ ಮೇಲೆ ಹಣ ರಾಜ್ಯದ ಮೂಲಕ ಹಿಂದಿರುಗುತ್ತದೆ. ಸಾಮಾನ್ಯವಾಗಿ ಕೇಂದ್ರದ ಪಾಲು ಕನಿಷ್ಠ ಶೇಕಡ 75. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ತಲೆಗೆ. ಹೆಲೀನ್ ವಿಷಯದಲ್ಲಿ ಅವಶೇಷ ತೆಗೆಯುವುದಕ್ಕೂ ತುರ್ತು ರಕ್ಷಣೆಗೂ ಮೊದಲ 180 ದಿನಗಳ ಪೂರ್ಣ ವೆಚ್ಚವನ್ನು ಕೇಂದ್ರವೇ ಹೊರಲು ಒಪ್ಪಿತು. ಆ ಅವಧಿಯನ್ನು ವಿಸ್ತರಿಸಬೇಕೆಂಬ ರಾಜ್ಯದ ಮನವಿ 2025ರಲ್ಲಿ ತಿರಸ್ಕೃತವಾಯಿತು.

ಈಗ ಲೇಕ್ ಲೂರ್‌ನ ಖಜಾನೆಯನ್ನು ನೋಡಿ. ಕೆರೆ ಮುಚ್ಚಿದೆ, ದೋಣಿಯಿಲ್ಲ, ಪ್ರವಾಸಿಗಳಿಲ್ಲ, ಹೆದ್ದಾರಿಯೇ ಕೊಚ್ಚಿಹೋಗಿದೆ. ಮಾಮೂಲಿ ಆದಾಯ ನಿಂತ ತಿಂಗಳಿನಲ್ಲೇ ಮಾಮೂಲಿಗಿಂತ ಹತ್ತಾರು ಪಟ್ಟು ಖರ್ಚು ಮಾಡಬೇಕು. ದೊಡ್ಡ ನಗರವಾದರೆ ಕಾಯ್ದಿಟ್ಟ ನಿಧಿಯಿಂದ ತೆಗೆದು ಕೊಟ್ಟೀತು, ಬ್ಯಾಂಕು ನಂಬಿ ಸಾಲವನ್ನೂ ಕೊಟ್ಟೀತು. ಚಿಕ್ಕ ಊರಿಗೆ ಎರಡೂ ಕಷ್ಟ. ಇದನ್ನು ಕಂಡ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಬಡ್ಡಿಯಿಲ್ಲದ ಸಾಲದ ಯೋಜನೆ ಮಾಡಿತು. ಫೀಮಾದ ಹಣ ಬಂದಾಗ ತೀರಿಸಬೇಕು. ಒಳ್ಳೆಯದೇ. ಆದರೆ ಯಾವುದಾದರೂ ಖರ್ಚನ್ನು ಫೀಮಾ ಒಪ್ಪದಿದ್ದರೆ ಸಾಲ ಮಾತ್ರ ಉಳಿಯುತ್ತದೆ.

ಒಪ್ಪದಿರುವ ಸಂದರ್ಭ ಎಷ್ಟು ಸುಲಭವಾಗಿ ಬರುತ್ತದೆಂದು ತಿಳಿಯಲು ಕಸದ ಲಾರಿಯೊಂದನ್ನು ಹಿಂಬಾಲಿಸಿ. ಗುತ್ತಿಗೆದಾರನ ಪ್ರತಿಯೊಂದು ಲಾರಿಯ ತೊಟ್ಟಿಯನ್ನು ಮೊದಲೇ ಅಳೆದು, ಅಳತೆಯನ್ನೂ ಸಂಖ್ಯೆಯನ್ನೂ ಅದರ ಮೈಮೇಲೆ ಅಂಟಿಸುತ್ತಾರೆ. ಕಸ ತುಂಬುವ ಜಾಗದಲ್ಲಿ ಒಬ್ಬ ಉಸ್ತುವಾರಿಯವನು ಚೀಟಿ ಬರೆಯುತ್ತಾನೆ: ಎಲ್ಲಿಯದು, ಎಂಥದು, ಎಷ್ಟು ಹೊತ್ತಿಗೆ. ಇಳಿಸುವ ಜಾಗದಲ್ಲಿ ಅಟ್ಟಣೆಯ ಮೇಲೆ ನಿಂತ ಇನ್ನೊಬ್ಬ ಲಾರಿಯೊಳಕ್ಕೆ ಬಗ್ಗಿ ನೋಡಿ, ಮುಕ್ಕಾಲು ತುಂಬಿದೆಯೋ ಅರ್ಧವೋ ಎಂದು ಗುರುತು ಹಾಕುತ್ತಾನೆ. ಮರದ ಕೊಂಬೆ ಬೇರೆ, ಮನೆಯ ಅವಶೇಷ ಬೇರೆ, ರೆಫ್ರಿಜರೇಟರು ಬೇರೆ, ಬಣ್ಣದ ಡಬ್ಬಿ ಮತ್ತು ಗ್ಯಾಸ್ ಸಿಲಿಂಡರು ಬೇರೆ. ಚೀಟಿ ಕಳೆದರೆ ಆ ಲಾರಿಯೇ ಓಡಿಲ್ಲವೆಂದು ಲೆಕ್ಕ. ಟೆಂಡರು ಕರೆಯದೆ ಕೆಲಸ ಒಪ್ಪಿಸಿದ್ದರೆ, ತುರ್ತು ಎಂಬ ಕಾರಣ ಕೆಲವು ದಿನ ನಡೆಯುತ್ತದೆ, ಆಮೇಲೆ ನಡೆಯುವುದಿಲ್ಲ. ವರ್ಷಗಳ ನಂತರ ಲೆಕ್ಕ ತಪಾಸಣೆಯವರು ಬಂದು ಕೊಟ್ಟ ಹಣವನ್ನು ಹಿಂದಕ್ಕೆ ಕೇಳಿದ ಉದಾಹರಣೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಹೀಗಾಗಿ ವಿಕೋಪದ ಮರುದಿನ ಪುರಸಭೆಗೆ ಬೇಕಾದವರಲ್ಲಿ ಬುಲ್ಡೋಜರು ಓಡಿಸುವವನಷ್ಟೇ ಮುಖ್ಯ, ಕೈಬರಹ ಚೆನ್ನಾಗಿರುವ ಒಬ್ಬ ಗುಮಾಸ್ತ. ನಾನು ತಮಾಷೆಗೆ ಹೇಳುತ್ತಿಲ್ಲ.

ಕೆರೆಯ ವಿಷಯ ಇನ್ನೂ ಗಂಟು. ರಸ್ತೆ ಬದಿಯ ಕಸ ಎಲ್ಲ ಊರಿಗೂ ಇರುವುದು. 720 ಎಕರೆ ನೀರಿನೊಳಗಿನ ಕಸವನ್ನು 1,400 ಜನರ ಊರು ಎತ್ತಲಾರದು. ಇಂಥಲ್ಲಿ ಪುರಸಭೆ ರಾಜ್ಯವನ್ನು ಕೇಳಬೇಕು, ರಾಜ್ಯ ಫೀಮಾವನ್ನು ಕೇಳಬೇಕು, ಫೀಮಾ ಸೇನೆಯ ಎಂಜಿನಿಯರಿಂಗ್ ದಳಕ್ಕೆ ಕೆಲಸ ಒಪ್ಪಿಸಬೇಕು. ಇಲ್ಲಿ ಹಾಗೆಯೇ ಆಯಿತು. 2025ರಲ್ಲಿ ಆ ದಳದ ಗುತ್ತಿಗೆದಾರರು ಕೆರೆಯ ಅವಶೇಷಗಳನ್ನು ಎತ್ತಿದರು. ಆದರೆ ಅವಶೇಷ ಬೇರೆ, ಹೂಳು ಬೇರೆ. ಮರದ ದಿಮ್ಮಿ ಚಂಡಮಾರುತದ್ದೆಂದು ಯಾರಿಗೂ ಕಾಣುತ್ತದೆ. ಹೂಳಿಗೆ ಹೆಸರು ಬರೆದಿರುವುದಿಲ್ಲ. ಹಳೆಯ ಹೂಳೆಷ್ಟು, ಹೊಸ ಹೂಳೆಷ್ಟು? ಕೆರೆಯ ಆಳವನ್ನು ಮುಂಚೆ ಅಳೆದಿಟ್ಟಿದ್ದರೆ, ಕಾಲಕಾಲಕ್ಕೆ ಹೂಳು ತೆಗೆಸಿದ ದಾಖಲೆಯಿದ್ದರೆ ಮಾತ್ರ ಫೀಮಾ ಅದರ ಖರ್ಚನ್ನು ಪರಿಗಣಿಸುತ್ತದೆ. ಒಳ್ಳೆಯ ದಿನಗಳಲ್ಲಿ ಬೇಸರದಿಂದ ಮಾಡಿಟ್ಟ ಅಳತೆಯ ಕಾಗದ ಕೆಟ್ಟ ದಿನದಲ್ಲಿ ಊರಿನ ಖಜಾನೆಯಾಗುತ್ತದೆ.

ನೆರೆಯವನ ಮನೆಯ ಬೆಲೆ

ಹಣಕ್ಕಿಂತ ಕಠಿಣವಾದ ಕೆಲಸವೊಂದಿದೆ. ಸರ್ಕಾರಿ ಪ್ರವಾಹ ವಿಮೆ ಸಿಗಬೇಕಾದರೆ ಊರು ಕೆಲವು ಕಟ್ಟಡ ನಿಯಮಗಳನ್ನು ಒಪ್ಪಿರಬೇಕು. ಅವುಗಳಲ್ಲಿ ಒಂದು ಹೀಗಿದೆ: ಪ್ರವಾಹ ವಲಯದ ಮನೆಯ ದುರಸ್ತಿಗೆ ತಗಲುವ ಖರ್ಚು, ಹಾನಿಗೆ ಮುಂಚಿನ ಕಟ್ಟಡದ ಬೆಲೆಯ ಅರ್ಧದಷ್ಟು ಅಥವಾ ಹೆಚ್ಚಾದರೆ, ಅದನ್ನು ಇದ್ದ ಹಾಗೆ ಕಟ್ಟುವಂತಿಲ್ಲ. ಈಗಿನ ನಿಯಮದಂತೆ ನೆಲಗಟ್ಟನ್ನು ಎತ್ತರಿಸಬೇಕು. ಅದಕ್ಕೆ ಆಗುವ ಹೆಚ್ಚಿನ ಖರ್ಚು ಎಷ್ಟೋ ಮನೆಯವರ ಕೈಗೆ ಎಟಕದು. ಅರ್ಧ ದಾಟಿತೇ ಇಲ್ಲವೇ ಎಂದು ತೀರ್ಮಾನಿಸುವವರು ವಾಷಿಂಗ್ಟನ್ನಿನವರಲ್ಲ, ಊರಿನ ಪುರಸಭೆಯ ಅಧಿಕಾರಿ. ಶೇಕಡ 49 ಎಂದು ಬರೆದರೆ ಒಂದು ಕುಟುಂಬ ತಿಂಗಳೊಪ್ಪತ್ತಿನಲ್ಲಿ ಮನೆಗೆ ಮರಳೀತು. 51 ಎಂದು ಬರೆದರೆ ಬಹುಶಃ ಊರು ಬಿಟ್ಟೀತು. ದಯೆ ತೋರಿಸಿ ಎಲ್ಲರಿಗೂ 49 ಬರೆದರೆ ಇಡೀ ಊರು ವಿಮೆಯ ಯೋಜನೆಯಿಂದ ಹೊರಬೀಳುವ ಅಪಾಯ, ಮುಂದಿನ ಪ್ರವಾಹದಲ್ಲಿ ಅದೇ ಮನೆ ಮತ್ತೆ ಮುಳುಗುವ ಅಪಾಯ. ದೊಡ್ಡ ನಗರದಲ್ಲಿ ಈ ಅಧಿಕಾರಿಯ ಮುಖ ಯಾರಿಗೂ ಗೊತ್ತಿರುವುದಿಲ್ಲ. ಚಿಕ್ಕ ಊರಿನಲ್ಲಿ ಅವರು ಸಂಜೆ ಅದೇ ಅಂಗಡಿಯಲ್ಲಿ ಹಾಲು ಕೊಳ್ಳಬೇಕು. ಆ ಬೆಟ್ಟಸೀಮೆಯಲ್ಲಿ ಪ್ರವಾಹ ವಿಮೆ ಮಾಡಿಸಿದವರು ತೀರ ಕಡಿಮೆ ಎಂಬುದನ್ನೂ ಸೇರಿಸಿ ನೋಡಿ.

ಇದರ ಮೇಲೆ ಗಾಳಿಮಾತು. ಸರ್ಕಾರ ಚಿಮ್ನಿ ರಾಕ್‌ನ ಜಮೀನನ್ನೆಲ್ಲ ಕಸಿದುಕೊಳ್ಳುತ್ತದೆ, ಗಣಿಗಾರಿಕೆಗೆ ಕೊಡುತ್ತದೆ ಎಂಬ ಸುಳ್ಳು ಕೆಲವೇ ದಿನಗಳಲ್ಲಿ ದೇಶವೆಲ್ಲ ಸುತ್ತಿತು. ಸ್ಥಳೀಯ ಅಧಿಕಾರಿಗಳು ರಸ್ತೆ ಮಾಡಿಸುವುದನ್ನು ಬಿಟ್ಟು ಹಾಗಿಲ್ಲವೆಂದು ಹೇಳುತ್ತ ಕೂರಬೇಕಾಯಿತು. ಅಕ್ಟೋಬರಿನಲ್ಲಿ ಪರಿಹಾರ ಸಿಬ್ಬಂದಿಗೆ ಬೆದರಿಕೆ ಬಂದು, ಆ ಜಿಲ್ಲೆಯಲ್ಲಿ ಶಸ್ತ್ರಧಾರಿ ವ್ಯಕ್ತಿಯೊಬ್ಬನ ಬಂಧನವೂ ಆಯಿತು. ಮನೆಮನೆಗೆ ಹೋಗುತ್ತಿದ್ದ ಫೀಮಾದವರು ಕೆಲಕಾಲ ತಮ್ಮ ಓಡಾಟದ ಕ್ರಮವನ್ನೇ ಬದಲಿಸಿಕೊಂಡರು. ಅರ್ಜಿ ಬರೆಸಲು ಬರಬೇಕಾದವರು ಬಾರದಿದ್ದರೆ ನಷ್ಟ ಯಾರಿಗೆ? ಅದೇ ದಿನಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ಮತ್ತು ಮನೆಯವರಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ಕೇಂದ್ರ ಸಂಸ್ಥೆಯ ವಿಕೋಪ ನಿಧಿ ಖಾಲಿಯಾಗಿತ್ತು. ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಹಣ ಒದಗಿಸುವವರೆಗೆ ಹೊಸ ಸಾಲ ನಿಂತಿತ್ತು. ಇಂಥ ಹೊತ್ತಿನಲ್ಲಿ ಕೈಹಿಡಿದವರಲ್ಲಿ ಪೆನ್ಸಿಲ್ವೇನಿಯದಿಂದ ಬಂದ ಆಮಿಷ್ ಸಮುದಾಯದ ಬಡಗಿಗಳೂ ಇದ್ದರು. ಪಕ್ಕದ ಚಿಮ್ನಿ ರಾಕ್‌ನ ಅಂಗಡಿಗಳನ್ನು ಕೂಲಿಯಿಲ್ಲದೆ ಎತ್ತಿ ನಿಲ್ಲಿಸಿದರು. ಅವರ ಕೆಲಸಕ್ಕೆ ಚೀಟಿಯೂ ಇರಲಿಲ್ಲ, ತಪಾಸಣೆಯೂ ಇರಲಿಲ್ಲ. ಆದರೆ ಅಣೆಕಟ್ಟೆಯನ್ನೂ ಚರಂಡಿಯನ್ನೂ ಹಾಗೆ ಕಟ್ಟಲಾಗದು.

ಚರಂಡಿಯ ಮಾತು ಬಂತು. ಲೇಕ್ ಲೂರ್‌ನ ಒಳಚರಂಡಿಯ ಮುಖ್ಯ ಕೊಳವೆಗಳನ್ನು 1920ರ ದಶಕದಲ್ಲಿ ಕೆರೆಯ ತಳದಲ್ಲೇ ಹಾಕಿದ್ದರು. ಮೇಲೆ ನೀರು ನಿಂತಿತು, ಕೊಳವೆ ಹಳತಾಯಿತು, ದುರಸ್ತಿಗೆ ಕೈ ತಲುಪದಾಯಿತು. ಅಣೆಕಟ್ಟೆಯೂ ಬದಲಿಯನ್ನು ಕಾಯುತ್ತಿತ್ತು. ಚಂಡಮಾರುತ ಬರುವುದಕ್ಕೆ ಮುಂಚೆಯೇ ಪುರಸಭೆ ಇವೆರಡರ ಯೋಜನೆಯಲ್ಲಿ ತೊಡಗಿತ್ತು. ಕೆರೆಯ ನೀರನ್ನು ಬೇಕಾದಷ್ಟು ಇಳಿಸಲು ತೂಬಿನ ಕೆಲಸವನ್ನೂ ಕೈಗೆತ್ತಿಕೊಂಡಿತ್ತು. ಆಗ ಕೆಲವರಿಗೆ ಇದು ದಂಡದ ಖರ್ಚೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಕೆರೆ ತುಂಬಿರುವಾಗ ತಳದ ಕೊಳವೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ.

2025ರ ಜೂನ್ 27ರಂದು ಚಿಮ್ನಿ ರಾಕ್ ರಾಜ್ಯ ಉದ್ಯಾನ ಮತ್ತೆ ತೆರೆಯಿತು. ತಾತ್ಕಾಲಿಕ ಸೇತುವೆಯ ಮೇಲೆ ಪ್ರವಾಸಿಗಳು ಬಂದರು. ಕೆಳಗೆ ಲೇಕ್ ಲೂರ್‌ನಲ್ಲಿ ಆ ಬೇಸಿಗೆ ದೋಣಿ ಇಳಿಯಲಿಲ್ಲ. ನೀರು ಇಳಿಸಿದ ಕೆರೆಯಲ್ಲಿ ಮನೆಗಳ ದೋಣಿಕಟ್ಟೆಗಳು ಒಣ ಮಣ್ಣಿನ ಮೇಲೆ ಕಾಲೂರಿ ನಿಂತಿದ್ದವು, ಲಾರಿಗಳು ಕೆರೆಯೊಳಗೇ ದಾರಿ ಮಾಡಿಕೊಂಡು ಓಡಾಡುತ್ತಿದ್ದವು. ಆದಾಯವಿಲ್ಲದ ಆ ಬರಿದಾದ ಕಾಲವನ್ನೇ ಪುರಸಭೆ ಹಳೆಯ ಕೊಳವೆಯ ಕೆಲಸಕ್ಕೂ ಬಳಸಿಕೊಂಡಿತು.